ಸೀಕರ್ ಹತ್ರ ಜವೆಗೋಧಿ ಹೊಲದಲ್ಲಿ ಒಂದಿನ

ಮಾರ್ಚ್ ಕೊನೇಲಿ ಜೈಪುರಕ್ಕೆ ಹೋಗಿದ್ವಿ, ಮನೆಯವ್ರೆಲ್ಲ ಕೋಟೆ ನೋಡೋಕೆ ಹೊರಟ್ರೆ ನಾನು ಬೆಳಿಗ್ಗೆನೇ ಸೀಕರ್ ಬಸ್ ಹತ್ತಿದೆ, ಫ್ರೆಂಡ್ ಒಬ್ಳ ಮಾವನವ್ರು ಅಲ್ಲಿ ಜವೆಗೋಧಿ ಬೆಳೀತಾರೆ, ಕೊಯ್ಲಿನ ಟೈಮು ಬೇರೆ. ನಮ್ಕಡೆ ಜವೆಗೋಧಿ ಅಂದ್ರೆ ಜ್ವರ ಬಂದಾಗ ಕುಡಿಯೋ ಬಾರ್ಲಿ ನೀರು ಅಷ್ಟೆ, ಅಲ್ಲಿ ಕಣ್ಣು ಹರಿದಷ್ಟು ದೂರ ಹೊಂಬಣ್ಣದ ಮೀಸೆ ಗಾಳಿಗೆ ತೂಗ್ತಾ ಇತ್ತು.

ಹೊಲದ ಯಜಮಾನ್ರು ಎರಡು ತೆನೆ ಕಿತ್ತು ಕೈಗೆ ಕೊಟ್ರು. ಒಂದು ದುಂಡಗೆ ಆರು ಸಾಲಿಂದು, ಇನ್ನೊಂದು ಚಪ್ಪಟೆ, ಎರಡೇ ಸಾಲು. ಗೆಣ್ಣಿಗೆ ಮೂರು ಹೂ ಇರುತ್ತೆ, ಆರು ಸಾಲಲ್ಲಿ ಮೂರೂ ಕಾಳು ಕಟ್ಟುತ್ತೆ ಆದ್ರೆ ಅಕ್ಕಪಕ್ಕದವು ಸೊಟ್ಟ, ಎರಡು ಸಾಲಲ್ಲಿ ನಡುವಿಂದು ಮಾತ್ರ ಕಟ್ಟೋದ್ರಿಂದ ಎಲ್ಲಾ ಒಂದೇ ದಪ್ಪ. ಮಾಲ್ಟ್‌ಗೆ, ಅಂದ್ರೆ ಬಿಯರ್‌ಗೆ ಅಂತ ಕಾಳು ಮೊಳಕೆ ಬರಿಸಿ ಒಣಗಿಸೋಕೆ, ಅದೇ ಬೇಕು, ನೆನೆಸಿದ್ರೆ ಎಲ್ಲಾ ಒಟ್ಟಿಗೆ ನೀರು ಕುಡಿದು ಒಟ್ಟಿಗೆ ಮೊಳೀಬೇಕು. ಅಮ್ಮ ರಾಗಿ ಮೊಳಕೆ ಕಟ್ಟೋ ಮುಂಚೆ ಜೊಳ್ಳು ತೇಲಿಸಿ ತೆಗೆಯೋದು ನೆನಪಾಯ್ತು.

ನನಗೆ ಆಶ್ಚರ್ಯ ಆಗಿದ್ದು ಆಮೇಲೆ. ಡಿಡಬ್ಲ್ಯೂಆರ್‌ಯುಬಿ 52 ಅನ್ನೋ ಒಂದೇ ತಳಿ, ಒಂದೇ ಚೀಲದ ಬೀಜ, ಒಂದು ಮಡಿ ನವೆಂಬರ್ ಮಧ್ಯದಲ್ಲಿ ಬಿತ್ತಿದ್ದು, ಪಕ್ಕದ್ದು ಮೋಟಾರ್ ಸುಟ್ಟು ಡಿಸೆಂಬರ್ ಕೊನೆಗೆ ಹೋಯ್ತಂತೆ. ಎರಡನ್ನೂ ಅಂಗೈಲಿ ಉಜ್ಜಿ ಊದಿ ನೋಡಿದೆ, ಮೊದಲ್ನೇದು ಉಬ್ಬಿಕೊಂಡು ತೆಳು ಹಳದಿ, ಎರಡನೇದು ಸಪೂರ, ಸುಕ್ಕು. ಹಾಲು ತುಂಬೋ ಹೊತ್ತಿಗೆ ಬಿಸಿಗಾಳಿ ಬಂದ್ಬಿಟ್ರೆ ಪಿಷ್ಟ ತುಂಬೋದು ಅರ್ಧಕ್ಕೇ ನಿಲ್ಲುತ್ತೆ, ಪ್ರೋಟೀನ್ ಪಾಲು ಏರುತ್ತೆ. ಬೆಳೆ ಹಿಂದುಳೀತಲ್ಲಾ ಅಂತ ಇವ್ರು ಯೂರಿಯಾನೂ ಜಾಸ್ತಿ ಹಾಕಿದ್ರು, ಅದ್ರಿಂದ್ಲೂ ಪ್ರೋಟೀನ್ ಏರ್ತು. ಮಾಲ್ಟ್‌ನವರಿಗೆ ಬೇಕಾಗಿರೋ ಪ್ರೋಟೀನ್ ಶೇ. 9ರಿಂದ 11ರ ಆಸುಪಾಸು, ಮೇಲೆ ಹೋದ್ರೆ ಮಾಲ್ಟಿಂದ ಸಕ್ಕರೆ ಅಂಶ ಕಮ್ಮಿ ಇಳಿಯುತ್ತೆ, ಬಿಯರ್ ಮಬ್ಬಾಗುತ್ತೆ. ಹಾಗಾಗಿ ಆ ಮಡಿ ಫಸಲು ದನಕ್ಕೇ. ತಡವಾಗಿ ಬಿತ್ತೋರಿಗೆ ಅಂತಾನೇ ಕರ್ನಾಲ್‌ನ ಗೋಧಿ-ಬಾರ್ಲಿ ಸಂಶೋಧನಾ ಸಂಸ್ಥೆಯವ್ರು ಡಿಡಬ್ಲ್ಯೂಆರ್‌ಬಿ 73, 91 ತಳಿ ಕೊಟ್ಟಿದಾರೆ, ಆ ಬೀಜ ಕೈಲಿದ್ದಿದ್ರೆ ಇಷ್ಟು ನಷ್ಟ ಆಗ್ತಿರ್ಲಿಲ್ಲ ಅಂತ ಯಜಮಾನ್ರು ಎರಡು ಸಲ ಹೇಳಿದ್ರು, ಕೇಳೋಕೆ ಸಂಕಟ ಆಯ್ತು.

ಮಧ್ಯಾಹ್ನ ಬಾಜ್ರಾ ರೊಟ್ಟಿ, ಮಜ್ಜಿಗೆ, ಬೆಳ್ಳುಳ್ಳಿ ಚಟ್ನಿ. ಹೊರಡುವಾಗ ಅತ್ತೆಯವ್ರು ಎರಡೂ ಮಡಿ ಕಾಳು ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಟ್ರು, ಹೊಸ ಕಾಳು ಕೂಡ್ಲೇ ಮೊಳೆಯಲ್ಲ ಮಗಳೇ, ಎರಡು ತಿಂಗ್ಳು ಮಲಗಿರ್ಲಿ ಅಂದ್ರು. ಎರಡೂ ಅಡುಗೆಮನೆ ಶೆಲ್ಫಲ್ಲಿವೆ, ಜೂನಲ್ಲಿ ಅಮ್ಮನ ರಾಗಿ ಬಟ್ಟೆಯಲ್ಲೇ ಕಟ್ಟಿ ನೋಡ್ತೀನಿ.