ಎಷ್ಟು ಕೆ.ಜಿ., ಯಾವತ್ತಿನೊಳಗೆ, ಯಾರಿಗೆ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಸಂಘವೊಂದರಲ್ಲಿ ಮೇ ಕೊನೆಯ ಸೋಮವಾರ ನಡೆದದ್ದು. ಅಡಿಕೆಗೆ ಮಳೆಗಾಲದಲ್ಲಿ ತಗಲುವ ಕೊಳೆರೋಗದ ಔಷಧಿಯನ್ನು ಮಳೆ ಹಿಡಿಯುವ ಮೊದಲೇ ಒಂದು ಸುತ್ತು ಹೊಡೆದು ಮುಗಿಸಬೇಕು. ಅದಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ತರಿಸಬೇಕಿತ್ತು; ಎರಡನ್ನೂ ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವೇ ಆ ಔಷಧಿ. ಮುಖ್ಯ ಕಚೇರಿಯಿಂದ ಶಾಖೆಗಳ ವಾಟ್ಸಾಪ್ ಗುಂಪಿಗೆ ಹೋದ ಸಂದೇಶ ಇದು: "ಕೊಳೆರೋಗ ನಿರ್ವಹಣಾ ಇನ್‌ಪುಟ್‌ಗಳ ಸಪ್ಲೈ ಚೈನ್ ಸ್ಟ್ರೀಮ್‌ಲೈನ್ ಮಾಡುವ ಹಿನ್ನೆಲೆಯಲ್ಲಿ ಎಲ್ಲ ಸ್ಟೇಕ್‌ಹೋಲ್ಡರ್‌ಗಳು ತಮ್ಮ ರಿಕ್ವೈರ್‌ಮೆಂಟ್ ಶೇರ್ ಮಾಡಿ ಅಲೈನ್ ಆಗತಕ್ಕದ್ದು. ಅಗತ್ಯ ಕ್ರಮ ಕೈಗೊಳ್ಳಲಾಗುವುದು."

ಸಂಜೆಯೊಳಗೆ ಒಂದು ಶಾಖೆ ಸದಸ್ಯರ ಸಂಖ್ಯೆ ಕಳಿಸಿತು. ಇನ್ನೊಂದು ಮೂಟೆಗಳ ಲೆಕ್ಕ ಕೊಟ್ಟಿತು, ಮೂಟೆ 25 ಕೆ.ಜಿ.ಯದೋ 50ರದೋ ಹೇಳಲಿಲ್ಲ. ಮೂರನೆಯದು ಕೈಮುಗಿದ ಚಿತ್ರ ಹಾಕಿ ಸುಮ್ಮನಾಯಿತು. ನಾಲ್ಕನೆಯ ಶಾಖೆಯ ಗುಮಾಸ್ತರು ಫೋನ್ ಮಾಡಿ ಕೇಳಿದರು: "ಅಲೈನ್ ಆಗೋದು ಅಂದ್ರೆ ನಾವೀಗ ಏನ್ ಮಾಡ್ಬೇಕು ಮಾರಾಯ್ರೆ?"

ಮಂಗಳವಾರ ಬೆಳಗ್ಗೆ ಆ ಸಂದೇಶವನ್ನು ತಿದ್ದುವಾಗ ಇದೇ ಪ್ರಶ್ನೆಯನ್ನು ಪ್ರತಿ ಪದಕ್ಕೂ ಹಾಕಬೇಕಾಯಿತು. "ಸ್ಟೇಕ್‌ಹೋಲ್ಡರ್" ಬದಲು "ಭಾಗೀದಾರರು" ಎಂದರೆ ಪದ ಕನ್ನಡವಾಯಿತೇ ಹೊರತು ಯಾರು ಎಂಬುದು ತಿಳಿಯಲಿಲ್ಲ. ಅದು ಶಾಖೆಯ ಕಾರ್ಯದರ್ಶಿ. ಹಾಗೇ ಬರೆದರೆ ಮುಗಿಯಿತು. "ಇನ್‌ಪುಟ್" ಎಂದರೆ ತುತ್ತ ಮತ್ತು ಸುಣ್ಣ, "ರಿಕ್ವೈರ್‌ಮೆಂಟ್" ಎಂದರೆ ಎಷ್ಟು ಕೆ.ಜಿ. "ಸ್ಟ್ರೀಮ್‌ಲೈನ್" ತೆಗೆದರೂ ಏನೂ ಕಳೆಯಲಿಲ್ಲ, ಹಾಗಾಗಿ ತೆಗೆದದ್ದೇ ಸರಿ.

ಇಂಗ್ಲಿಷ್ ಪದಗಳಿಗಿಂತ ಹೆಚ್ಚು ಕೆಡಿಸುವುದು ಕೊನೆಯ "ಕೈಗೊಳ್ಳಲಾಗುವುದು". ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲೇ ಕೆಲಸ ಮಾಡುವ ಆಳನ್ನು ಹೊತ್ತಿರುತ್ತದೆ. "ತರಿಸುತ್ತೇವೆ" ಎಂದರೆ ನಾವು, "ತಿಳಿಸಿ" ಎಂದರೆ ನೀವು. "-ಲಾಗುವುದು" ಎಂದೊಡನೆ ಆ ಆಳು ಮಾಯ. ನಾಳೆ ಲೋಡು ಬಾರದಿದ್ದರೆ ಯಾರನ್ನು ಕೇಳುವುದು? ಕಚೇರಿಯ ಬರಹದಲ್ಲಿ "-ಲಾಗುವುದು", "-ತಕ್ಕದ್ದು" ಕಂಡಲ್ಲೆಲ್ಲ ನಿಂತು ಮಾಡುವವರ ಹೆಸರು ಹುಡುಕಬೇಕು. ಹೆಸರು ಸಿಗದಿದ್ದರೆ ಕೆಲಸ ಇನ್ನೂ ಯಾರಿಗೂ ಹಂಚಿಲ್ಲ ಎಂದೇ ಅರ್ಥ. ಅಲ್ಲಿ ವಾಕ್ಯ ತಿದ್ದಿ ಪ್ರಯೋಜನವಿಲ್ಲ, ಮೊದಲು ಕೆಲಸ ಹಂಚಬೇಕು.

ವೃತ್ತಿಯ ಮಾತನ್ನು ಮಾತ್ರ ಮುಟ್ಟಬಾರದು. ಅಡಿಕೆಯ ದರ್ಜೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದರೆ ಶಿವಮೊಗ್ಗದ ಮಂಡಿಯಲ್ಲಿ ಹೇಳುವವರಿಗೂ ಕೇಳುವವರಿಗೂ ಒಂದೇ ಮಾಲು ಕಣ್ಣಿಗೆ ಬರುತ್ತದೆ. ಹೊರಗಿನವರಿಗೆ ತಿಳಿಯದಿದ್ದರೂ ಇವು ನಿಖರ ಪದಗಳು. ಲೋಡು, ಬಿಲ್ಲು, ಸ್ಟಾಕ್ ಕೂಡ ಹಾಗೇ ಇರಲಿ.

ಬೆಳೆಗಾರರಿಗೆ ಹಂಚುವ ಚೀಟಿಯಲ್ಲಿ "ಶೇ. 1ರ ಸಾಂದ್ರತೆಯ ಬೋರ್ಡೋ ದ್ರಾವಣಕ್ಕೆ ಸೂಕ್ತ ಪ್ರಮಾಣದ ಸುಣ್ಣ ಬಳಸತಕ್ಕದ್ದು" ಎಂದಿತ್ತು. ತಪ್ಪಿಲ್ಲ, ಆದರೆ ಡ್ರಮ್ಮಿನ ಮುಂದೆ ನಿಂತವರಿಗೆ ಉಪಯೋಗವೂ ಇಲ್ಲ. ಅದು ಹೀಗಾಯಿತು: "ಮೈಲುತುತ್ತ 1 ಕೆ.ಜಿ.ಯನ್ನು 50 ಲೀಟರ್ ನೀರಿನಲ್ಲಿ, ಸುಣ್ಣ 1 ಕೆ.ಜಿ.ಯನ್ನು ಬೇರೆ 50 ಲೀಟರಿನಲ್ಲಿ ಕರಗಿಸಿ. ಪ್ಲಾಸ್ಟಿಕ್ ಡ್ರಮ್ ಬಳಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅವತ್ತೇ ಹೊಡೆದು ಮುಗಿಸಿ." "ಸೂಕ್ತ" ಎಂಬ ಪದದ ಜಾಗಕ್ಕೆ ಚಾಕು ಬಂತು. ಚೀಟಿ ಉದ್ದವಾಯಿತು, ಆಗಲಿ. ಸರಳ ಎಂದರೆ ಚಿಕ್ಕದು ಎಂದಲ್ಲ.

ಸರಳ ಬರಹಕ್ಕೆ 2023ರಲ್ಲಿ ಐಎಸ್‌ಒ 24495-1 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಬಂದಿದೆ. ಓದುವವರಿಗೆ ಬೇಕಾದ್ದು ಬರಹದಲ್ಲಿರಬೇಕು, ಸುಲಭವಾಗಿ ಸಿಗಬೇಕು, ಅರ್ಥವಾಗಬೇಕು, ಬಳಸಲು ಬರಬೇಕು ಎನ್ನುತ್ತದೆ ಅದು. ನಾಲ್ಕನೆಯದನ್ನೇ ನಾವು ಹೆಚ್ಚಾಗಿ ಮರೆಯುವುದು.

ಶಾಖೆಗಳಿಗೆ ಮತ್ತೆ ಹೋದ ಸಂದೇಶ: "ಕಾರ್ಯದರ್ಶಿಗಳೇ, ನಿಮ್ಮ ಶಾಖೆಗೆ ತುತ್ತ ಎಷ್ಟು ಕೆ.ಜಿ., ಸುಣ್ಣ ಎಷ್ಟು ಕೆ.ಜಿ. ಬೇಕೆಂದು ಬುಧವಾರ ಸಂಜೆ 4ರೊಳಗೆ ಗೋದಾಮಿನ ಗುಮಾಸ್ತರಿಗೆ ತಿಳಿಸಿ. ಲೋಡು ಶನಿವಾರ ತರಿಸುತ್ತೇವೆ. 4ರ ನಂತರ ಹೇಳಿದ್ದು ಮುಂದಿನ ಲೋಡಿಗೆ." ಕಳಿಸುವ ಮೊದಲು ಗೋದಾಮಿನವರಿಗೆ ಗಟ್ಟಿಯಾಗಿ ಓದಿ ಹೇಳಿದಾಗ, ಅವರು ಅಲ್ಲೇ ಪುಸ್ತಕ ತೆಗೆದು ಶಾಖೆಗೊಂದು ಗೆರೆ ಎಳೆದುಕೊಂಡರು. ಮೊದಲ ಉತ್ತರ ಬಂತು: "ತುತ್ತ 300, ಸುಣ್ಣ 300."