ಬಟ್ಟೆ ಚೀಲ

ಇವತ್ತು ಚಿಕ್ಕಪ್ಪನ ಜೊತೆ ಆಲ್ಕೊಹಾಲಿಕ್ಸ್ ಅನಾನಿಮಸ್ (ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್‌ಗೆ ಹೋಗಿದ್ದೆ. ಓಪನ್ ಮೀಟಿಂಗ್ ಆದ್ರೆ ಮನೆಯವರೂ ಕೂರಬಹುದು. ಕ್ಲೋಸ್ಡ್ ಅಂದ್ರೆ ಕುಡಿತ ಬಿಡಬೇಕು ಅನ್ನೋರಿಗೆ ಮಾತ್ರ.

ಶಾಲೆಯ ಕೋಣೆ, ಮಕ್ಕಳು ಕೂರುವ ಬೆಂಚು. ಒಬ್ಬೊಬ್ಬರೇ ಎದ್ದು ಬರೀ ಹೆಸರು ಹೇಳಿ ಮಾತಾಡಿದರು. ಊರು, ಜಾತಿ, ಕೆಲಸ ಯಾರೂ ಕೇಳಲಿಲ್ಲ. ಕೊನೆಗೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಬಂತು. ಇದ್ದವರು ಹತ್ತೋ ಇಪ್ಪತ್ತೋ ಹಾಕಿದರು, ಇಲ್ಲದವರು ಸುಮ್ನೆ ಮುಂದೆ ದಾಟಿಸಿದರು. ಫೀಸು ಅಂತ ಏನೂ ಇಲ್ಲ.

1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಶುರುವಾದದ್ದು ಇದು. ಇಬ್ಬರೇ ಸಾಕಾಯ್ತು ಅಲ್ವಾ?

ಪಕ್ಕದಲ್ಲಿ ಕೂತಿದ್ದ ಹಿರಿಯರು ಚಿಕ್ಕಪ್ಪನಿಗೆ ನಂಬರ್ ಬರೆದುಕೊಟ್ಟರು. "ಕುಡೀಬೇಕು ಅನ್ನಿಸಿದ್ರೆ ಮೊದಲು ನಂಗೆ ಫೋನ್ ಮಾಡಿ, ರಾತ್ರಿ ಎಷ್ಟೊತ್ತಾದ್ರೂ ಪರವಾಗಿಲ್ಲ" ಅಂದರು.

ನಿಮ್ಮ ಮನೆಯಲ್ಲೂ ಯಾರಾದರೂ ಒದ್ದಾಡುತ್ತಿದ್ದರೆ, ಹತ್ತಿರದ ಮೀಟಿಂಗ್ ಎಲ್ಲಿ ಅಂತ ವಿಚಾರಿಸಿ. ಮೊದಲ ದಿನ ಜೊತೆಗೆ ಹೋಗಿ.