ಎರಡು ಬಕೆಟ್ ನೀರು ಸುರಿದು ನೋಡದ ತಪ್ಪಿಗೆ

ನಾನು ವಿನ್ಯಾಸ ಮಾಡಿದ ತೋಟದ ಹ್ಯಾಂಡ್‌ಓವರ್‌ಗೆ, ಅಂದರೆ ಅದನ್ನು ಮನೆಯವರಿಗೆ ಒಪ್ಪಿಸಲು, ಮೂರೇ ದಿನ ಬಾಕಿ ಇತ್ತು. ಅಂಗಳದಲ್ಲಿ 18 ಹೈಡ್ರೇಂಜಿಯ ಹೂಗಿಡಗಳು ತಲೆ ಜೋತುಹಾಕಿ ನಿಂತಿದ್ದವು. ‘ನೀರು ಸಾಲುತ್ತಿಲ್ಲ, ಸಂಜೆಯೂ ಹಾಕಿಸಿ’ ಎಂದು ಮೇಸ್ತ್ರಿಗೆ ನಾನೇ ಹೇಳಿ ಒಂದು ವಾರವಾಗಿತ್ತು. ‘ಇನ್ನೂ ನೀರೇ ಸಾರ್?’ ಎಂದು ಅವರು ಆಗಲೇ ಕೇಳಿದ್ದರು. ಅದನ್ನು ನಾನು ಸೋಮಾರಿತನವೆಂದುಕೊಂಡಿದ್ದೆ.

ಆ ದಿನ ಮನೆಯೊಡತಿ ನನ್ನ ಪಕ್ಕದಲ್ಲೇ ಇದ್ದರು. ‘ಒಂದನ್ನು ಕಿತ್ತು ನೋಡೋಣವೇ?’ ಎಂದರು. ಬೇಡವೆನ್ನಲು ಕಾರಣ ಹೊಳೆಯಲಿಲ್ಲ. ಮೇಸ್ತ್ರಿ ಹಾರೆ ಹಾಕಿ ಮೀಟಿದಾಗ ಗಿಡ ಪಚಕ್ಕೆಂದು ಮೇಲೆ ಬಂತು, ಅದರ ಹಿಂದೆಯೇ ಕೊಳೆತ ಮೊಟ್ಟೆಯ ವಾಸನೆ. ಬೇರು ಕಪ್ಪಾಗಿತ್ತು, ಹಿಡಿದು ಎಳೆದರೆ ಸಿಪ್ಪೆ ಕೈಗೆ ಬಂದು ಒಳಗೆ ನೂಲಿನಂಥ ಎಳೆ ಮಾತ್ರ ಉಳಿಯಿತು. ಗುಂಡಿಯ ತಳದಲ್ಲಿ ನೀರು ನಿಂತಿತ್ತು. ಅದರಲ್ಲಿ ಮೂವರ ಮುಖವೂ ಕಾಣುತ್ತಿತ್ತು. ಯಾರೂ ಮಾತಾಡಲಿಲ್ಲ. ಆ ಎರಡು ನಿಮಿಷ ನಾನು ಟೇಪ್ ತೆಗೆದು ಗುಂಡಿಯ ಅಗಲ ಅಳೆದೆ. ಅಳೆಯುವ ಅಗತ್ಯವೇನೂ ಇರಲಿಲ್ಲ.

ಜೇಡಿಮಣ್ಣೆಂದು ಮೊದಲೇ ಗೊತ್ತಿತ್ತು. ಅದಕ್ಕೇ ಪ್ರತಿ ಗುಂಡಿಗೂ ಒಳ್ಳೆಯ ಮಣ್ಣು, ಮರಳು, ಕಾಂಪೋಸ್ಟ್ ತುಂಬಿಸಬೇಕೆಂದು ಬಿಓಕ್ಯೂನಲ್ಲಿ (ಕೆಲಸ, ಸಾಮಗ್ರಿಗಳ ಪ್ರಮಾಣದ ಪಟ್ಟಿಯಲ್ಲಿ) ಬರೆದಿದ್ದೆ. ಸುತ್ತಲೂ ಗಟ್ಟಿ ಜೇಡಿ, ನಡುವೆ ಸಡಿಲ ಮಣ್ಣು. ಮಳೆ ಬಿದ್ದಾಗ ನೀರೆಲ್ಲ ಅಲ್ಲಿಗೇ ಹರಿದು ಬಂದು, ಹೊರಗೆ ದಾರಿಯಿಲ್ಲದೆ ಕೂತಿತ್ತು. ಗಿಡದ ಗುಂಡಿಯೆಂದು ನಾನು ತೋಡಿಸಿದ್ದು 18 ನೀರಿನ ತೊಟ್ಟಿ. ಗಾಳಿ ಸಿಗದ ಬೇರು ನೀರಿನಲ್ಲೇ ಮುಳುಗಿದ್ದರೂ ನೀರು ಹೀರದು, ಎಲೆ ಬಾಡುತ್ತದೆ. ಬಾಯಾರಿದ ಗಿಡವೂ ನೋಡಲು ಹಾಗೆಯೇ ಇರುತ್ತದೆ.

ನೆಡುವ ಮೊದಲು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಬೇಕು, ಇಂಗಿದ ಮೇಲೆ ಮತ್ತೊಮ್ಮೆ ತುಂಬಬೇಕು. ಗಂಟೆಗೆ ಎರಡೂವರೆ ಸೆಂಟಿಮೀಟರ್ ಕೂಡ ಇಳಿಯದಿದ್ದರೆ ಡ್ರಾಯಿಂಗ್ ಮಡಚಿಟ್ಟು ಯೋಚಿಸಬೇಕು. ಹೊಸಬರಿಗೆ ನಾನೇ ಹೇಳಿಕೊಡುವ ಪಾಠ ಇದು. ಕಚೇರಿ ಒಂದೇ ಸೈಟ್ ವಿಸಿಟ್‌ಗೆ ಒಪ್ಪಿಗೆ ಕೊಡುತ್ತದೆ, ಕಾಯಲು ಹೊತ್ತಿರಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಅದು ಅರ್ಧ ಸತ್ಯ. ಒಳಗೆ ಕೂತು ಬಣ್ಣದ ಚಿತ್ರಗಳನ್ನು ತೋರಿಸುತ್ತ ಕಳೆದ ಮುಕ್ಕಾಲು ಗಂಟೆ ನನ್ನದೇ.

ನೆರಳಿನ ಲೆಕ್ಕವೂ ಕೆಟ್ಟಿತ್ತು. ನಾನು ಹೋದಾಗ ಅಂಗಳದ ದೊಡ್ಡ ಮರ ಎಲೆ ಉದುರಿಸಿ ಬೋಳಾಗಿತ್ತು. ನಮ್ಮ ಸಾಫ್ಟ್‌ವೇರ್ ಗೋಡೆಯ ನೆರಳನ್ನು ಗಂಟೆಗಂಟೆಗೂ ತೋರಿಸುತ್ತದೆ. ಮರವೆಂದರೆ ಅದಕ್ಕೊಂದು ಹಸಿರು ವೃತ್ತ, ಅಷ್ಟೇ. ‘ಅರೆನೆರಳು’ ಎಂದು ನಾನು ಗುರುತಿಸಿದ್ದ ಜಾಗ, ಮರ ಚಿಗುರಿದ ಮೇಲೆ ಹಗಲಿಡೀ ಮಬ್ಬು. ಬಿಸಿಲು ಕಾಣದ ಜೇಡಿ ಆರುವುದು ಇನ್ನೂ ನಿಧಾನ.

ಕೊನೆಗೆ ಮೇಸ್ತ್ರಿ ಹೇಳಿದಂತೆ ಗುಂಡಿಗಳನ್ನು ಮುಚ್ಚಿ, ಇಡೀ ಪಾತಿಗೇ ಕಾಂಪೋಸ್ಟ್ ಬೆರೆಸಿ, ಒಂದು ಗೇಣು ಎತ್ತರಿಸಿ ಜರೀಗಿಡ ನೆಟ್ಟೆವು. ಮರದ ಬುಡದ ಸುತ್ತ ಮಾತ್ರ ಮಣ್ಣು ಏರಿಸಲು ಅವರು ಬಿಡಲಿಲ್ಲ, ಬೇರಿಗೆ ಉಸಿರು ಕಟ್ಟುತ್ತದೆ ಎಂದರು. ಈ ಸಲ ನಾನು ಎದುರಾಡಲಿಲ್ಲ. ಹ್ಯಾಂಡ್‌ಓವರ್ ಎರಡು ವಾರ ತಡವಾಯಿತು.

ಸತ್ತ ಗಿಡಗಳ ಲೆಕ್ಕವನ್ನು ಕಚೇರಿಯ ಫಾರ್ಮ್‌ನಲ್ಲಿ ತುಂಬಬೇಕಿತ್ತು. ‘ಕಾರಣ’ ಎಂಬಲ್ಲಿ ಆರಿಸಲು ಇದ್ದದ್ದು ನಾಲ್ಕೇ: ಕೀಟಬಾಧೆ, ಸಾಗಣೆಯಲ್ಲಿ ಹಾನಿ, ನಿರ್ವಹಣೆಯ ಲೋಪ, ಇತರೆ. ಮೂರನೆಯದನ್ನು ಒತ್ತಿದರೆ ಮೇಸ್ತ್ರಿಯ ತಲೆಗೆ ಬರುತ್ತಿತ್ತು. ಬೆರಳು ಅಲ್ಲಿ ಒಂದು ಕ್ಷಣ ನಿಂತದ್ದು ಸುಳ್ಳಲ್ಲ. ‘ಇತರೆ’ ಒತ್ತಿದೆ.